ತೂಕದ ಜೊತೆ ಸೊಂಟದ ಸುತ್ತಳತೆಯನ್ನೂ ನೋಡಿ

ಮಾನ್ಯ ಸಂಪಾದಕರೇ,

ಆರಿದ್ರಾ ಮಳೆ ಹಿಡಿಯಿತೆಂದರೆ ತೀರ್ಥಹಳ್ಳಿ, ಆಗುಂಬೆಯ ಕಡೆ ವಾರಗಟ್ಟಲೆ ಬಿಸಿಲು ಕಾಣುವುದಿಲ್ಲ. ಹಾಗಾಗಿ ಮೈಕೈ ನೋವೆಂದು ಹೋದವರ ರಕ್ತಪರೀಕ್ಷೆಯಲ್ಲಿ ವಿಟಮಿನ್ ಡಿ ಕಡಿಮೆ ಎಂದು ಬಂದರೆ, ಎಲ್ಲರೂ ಮಳೆಗಾಲವನ್ನು ದೂರಿ ಸುಮ್ಮನಾಗುತ್ತೇವೆ. ಮಳೆಯ ಪಾಲನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಚಳಿಗಾಲವಿಡೀ ಅಡಿಕೆ ಒಣಗಿಸುತ್ತ ಅಂಗಳದಲ್ಲೇ ಕಳೆದ ನನ್ನ ವರದಿಯಲ್ಲೂ, ಕಳೆದ ಮಾರ್ಚ್‌ನಲ್ಲಿ, ರಕ್ತದ ಮಿಲಿಲೀಟರ್‌ಗೆ ಕನಿಷ್ಠ 20 ನ್ಯಾನೋಗ್ರಾಂ ಇರಬೇಕಾದಲ್ಲಿ 14 ಎಂದಿತ್ತು. ವೈದ್ಯರು ಕಾರಣ ಹುಡುಕಿದ್ದು ಆಕಾಶದಲ್ಲಲ್ಲ, ನನ್ನ ಹೊಟ್ಟೆಯಲ್ಲಿ.

ವಿಟಮಿನ್ ಡಿ ಕೊಬ್ಬಿನಲ್ಲಿ ಕರಗುವಂಥದು. ಮೈಯಲ್ಲಿ ಕೊಬ್ಬು ಹೆಚ್ಚಿದಷ್ಟೂ ಅದು ಅಲ್ಲಿಗೆ ಹಂಚಿಹೋಗಿ, ರಕ್ತದಲ್ಲಿ ಉಳಿಯುವುದು ಕಡಿಮೆಯಾಗುತ್ತದೆ. ಸ್ಥೂಲಕಾಯರಿಗೂ ತೆಳ್ಳಗಿನವರಿಗೂ ಒಂದೇ ಪ್ರಮಾಣದ ಅತಿನೇರಳೆ ಕಿರಣ ತಾಗಿಸಿ ನೋಡಿದ 2000ದ ಅಧ್ಯಯನವೊಂದರಲ್ಲಿ, ಸ್ಥೂಲಕಾಯರ ರಕ್ತದಲ್ಲಿ ವಿಟಮಿನ್ ಡಿ ಏರಿಕೆ ಶೇ 57ರಷ್ಟು ಕಡಿಮೆಯಿತ್ತು. ಚರ್ಮ ಅದನ್ನು ತಯಾರಿಸುವುದರಲ್ಲಿ ಹಿಂದೆ ಬಿದ್ದಿರಲಿಲ್ಲ. ಕೊಬ್ಬು ಎಲ್ಲಿ ಕೂತಿದೆ ಎಂಬುದೂ ಮುಖ್ಯ. ಅಮೆರಿಕದ ಫ್ರಾಮಿಂಗ್‌ಹ್ಯಾಮ್ ಅಧ್ಯಯನದ ತಂಡ 2010ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ, ಚರ್ಮದಡಿಯ ಕೊಬ್ಬಿಗಿಂತ ಹೊಟ್ಟೆಯೊಳಗೆ ಅಂಗಾಂಗಗಳ ಸುತ್ತ ಸೇರುವ ಕೊಬ್ಬಿಗೂ ಈ ಕೊರತೆಗೂ ನಂಟು ಹೆಚ್ಚು. ತೆಳ್ಳಗಿನವರಲ್ಲೂ ಆ ನಂಟು ಕಂಡಿದೆ. ಕೈಕಾಲು ಸಣ್ಣ, ಹೊಟ್ಟೆ ಮಾತ್ರ ಮುಂದೆ ಎಂಬ ಮೈಕಟ್ಟು ನಮ್ಮಲ್ಲಿ ಹೊಸದೇನೂ ಅಲ್ಲ. ಅದನ್ನು ನಾವು ಅನುಕೂಲಸ್ಥರ ಲಕ್ಷಣವೆಂದೇ ತಿಳಿದಿದ್ದೇವೆ.

ಔಷಧದಂಗಡಿಯಲ್ಲಿ ಕೇಳಿ ಪಡೆದು, ವಾರಕ್ಕೊಂದರಂತೆ 60,000 ಯೂನಿಟ್‌ನ ಪುಡಿಯನ್ನು ತಿಂಗಳುಗಟ್ಟಲೆ ನುಂಗುವವರಿದ್ದಾರೆ. ದಪ್ಪಗಿನವರಿಗೆ ಹೆಚ್ಚಿನ ಪ್ರಮಾಣ ಬೇಕಾಗಬಹುದೆಂಬುದು ನಿಜವಾದರೂ, ಅದನ್ನು ವೈದ್ಯರೇ ಹೇಳಬೇಕು, ಏಕೆಂದರೆ ಮಿತಿಮೀರಿದರೆ ರಕ್ತದಲ್ಲಿ ಕ್ಯಾಲ್ಸಿಯಂ ಏರಿ ಮೂತ್ರಪಿಂಡಕ್ಕೇ ಪೆಟ್ಟಾಗುತ್ತದೆ.

ಶಿವಮೊಗ್ಗ ಜಿಲ್ಲೆಯ ಆರೋಗ್ಯ ಶಿಬಿರಗಳಲ್ಲಿ ನಾನು ಕಂಡ ಮಟ್ಟಿಗೆ ತೂಕ, ಬಿ.ಪಿ., ಸಕ್ಕರೆ ನೋಡಿ ಕಳಿಸುತ್ತಾರೆ. ಜೊತೆಗೆ ದರ್ಜಿಯ ಟೇಪೊಂದನ್ನು ಇಟ್ಟುಕೊಂಡು, ಗಂಡಸರಲ್ಲಿ 90, ಹೆಂಗಸರಲ್ಲಿ 80 ಸೆಂಟಿಮೀಟರ್ ಮೀರಿದ ಸೊಂಟವನ್ನು ಚೀಟಿಯಲ್ಲಿ ಬರೆದುಕೊಟ್ಟರೆ, ವಿಟಮಿನ್ ಡಿ ವರದಿಯನ್ನು ಓದುವ ವೈದ್ಯರಿಗೂ ಅದು ನೆರವಾಗುತ್ತದೆ. ಜಿಲ್ಲಾ ಆರೋಗ್ಯ ಇಲಾಖೆ ಇದನ್ನು ಮುಂದಿನ ಶಿಬಿರದಿಂದಲೇ ಆರಂಭಿಸಲಿ ಎಂದು ಕೋರುತ್ತೇನೆ.

— ಒಬ್ಬ ಅಡಿಕೆ ಬೆಳೆಗಾರ, ತೀರ್ಥಹಳ್ಳಿ ತಾಲ್ಲೂಕು