ವಿಜ್ಞಾನದ ಕತೆಗೆ ಮನೆಮಂದಿ ಹೊರಗಿನವರಲ್ಲ

ಮಾನ್ಯ ಸಂಪಾದಕರೇ,

ಕಳೆದ ವಾರ ನಿಮ್ಮ ವಾಚಕರ ಅಂಕಣದಲ್ಲಿ ಒಬ್ಬರು ಬೇಸರ ಹೇಳಿಕೊಂಡಿದ್ದರು. ವಿಜ್ಞಾನದ ಸರಣಿಗಳಲ್ಲಿ ಈಗ ಗಂಡ-ಹೆಂಡಿರ ಜಗಳ, ಅಪ್ಪ-ಮಗನ ಮುನಿಸೇ ಜಾಸ್ತಿ, ಅದಕ್ಕೆ ನಮ್ಮ ಸಂಜೆಯ ಧಾರಾವಾಹಿಗಳೇ ಸಾಕಲ್ಲ ಅಂತ. ಅವರ ಸಿಟ್ಟು ನನಗೆ ಅರ್ಥವಾಗುತ್ತದೆ. ಆದರೆ ಇಷ್ಟು ಪಾಲು ವಿಜ್ಞಾನ, ಇಷ್ಟು ಪಾಲು ಸಂಸಾರ ಎಂದು ತೂಗಿ ನೋಡುವುದನ್ನು ನಾನು ಒಪ್ಪುವುದಿಲ್ಲ. ಕತೆಯಲ್ಲಿರುವ ವಿಜ್ಞಾನ ಆ ಮನೆಯವರನ್ನೇ ಹಿಡಿದು ಅಲುಗಾಡಿಸುತ್ತಿದೆಯಾ? ನಾನು ನೋಡುವುದು ಅದನ್ನು.

ನಾನು ಶಿರಸಿಯ ಅಡಿಕೆ ಮಂಡಿಯೊಂದರಲ್ಲಿ ಲೆಕ್ಕ ಬರೆಯುತ್ತೇನೆ. ರಾತ್ರಿ ಊಟದ ನಂತರ ಅತ್ತೆ ಮತ್ತು ನಾನು ಒಟ್ಟಿಗೆ ಕೂತು ನೋಡುತ್ತೇವೆ. ಅವರಿಗೆ ಇಂಗ್ಲಿಷ್ ಬರುವುದಿಲ್ಲ, ನಾನು ಪಕ್ಕದಲ್ಲಿ ಹೇಳುತ್ತಾ ಹೋಗುತ್ತೇನೆ. ಜರ್ಮನಿಯ 'ಡಾರ್ಕ್' ಸರಣಿ ನೋಡಿದ್ದೂ ಹೀಗೆ. ಅದರಲ್ಲಿ ವಿಂಡೆನ್ ಎಂಬ ಊರು, ಊರಿನ ಪಕ್ಕ ಒಂದು ಗುಹೆ. ಆ ಗುಹೆಯ ದಾರಿ 33 ವರ್ಷ ಹಿಂದಕ್ಕೆ ಒಯ್ಯುತ್ತದೆ. 2019ರಲ್ಲಿ ಕಳೆದುಹೋದ ಮಿಕೆಲ್ ಎಂಬ ಹುಡುಗ 1986ರಲ್ಲಿ ಹೊರಬರುತ್ತಾನೆ. ಅಲ್ಲಿಯ ನರ್ಸ್ ಒಬ್ಬಳು ಅವನನ್ನು ಸಾಕುತ್ತಾಳೆ. ಬೆಳೆದು, ಮದುವೆಯಾಗಿ, ಒಬ್ಬ ಮಗನಿಗೆ ಅಪ್ಪನೂ ಆಗುತ್ತಾನೆ. ಇತ್ತ 2019ರಲ್ಲಿ ಅವನ ತಾಯಿ ಇನ್ನೂ ಹುಡುಕುತ್ತಲೇ ಇದ್ದಾಳೆ. ಹುಡುಕಹೋದ ಅಪ್ಪ 1953ಕ್ಕೆ ಹೋಗಿ ಬಿದ್ದು, ಅಲ್ಲೇ ಬಂಧಿಯಾಗಿ ಮುದುಕನಾಗುತ್ತಾನೆ. 33 ವರ್ಷದ ಲೆಕ್ಕವನ್ನು ಅತ್ತೆಗೆ ನಾನು ಕಾಗದದ ಮೇಲೆ ಗೆರೆ ಎಳೆದು ತೋರಿಸಿದೆ. ಅವರು ಕೇಳಿದ್ದು ಒಂದೇ ಮಾತು, "ಪಾಪ, ಆ ಮಾಣಿ ಆಯಿಗೆ ಹೇಳೋರು ಯಾರೂ ಇಲ್ಯಾ?"

ಗುಹೆಯನ್ನು ಕತೆಯಿಂದ ತೆಗೆದುಬಿಡಿ, ಆ ತಾಯಿಯ ಸಂಕಟವೇ ಇರುವುದಿಲ್ಲ. ತಾಯಿಯನ್ನು ತೆಗೆಯಿರಿ, ಗುಹೆಯ ಬಗ್ಗೆ ಯಾರಿಗೂ ಏನೂ ಅನ್ನಿಸುವುದಿಲ್ಲ.

ಅಮೆರಿಕದ ಬಾಹ್ಯಾಕಾಶ ಸರಣಿ 'ಬ್ಯಾಟಲ್‌ಸ್ಟಾರ್ ಗ್ಯಾಲಾಕ್ಟಿಕಾ'ದಲ್ಲೂ ಒಂದು 33 ಇದೆ. ಅಲ್ಲಿ ಯಂತ್ರಮಾನವರ ಸೇನೆ ಪ್ರತಿ 33 ನಿಮಿಷಕ್ಕೊಮ್ಮೆ ದಾಳಿ ಮಾಡುತ್ತದೆ. ಅಳಿದುಳಿದ ಮನುಷ್ಯರ ಹಡಗುಗಳು ಅಷ್ಟರೊಳಗೆ ಬೇರೆ ಜಾಗಕ್ಕೆ ಹಾರಿಬಿಡಬೇಕು. ಐದು ದಿನದಿಂದ ಯಾರಿಗೂ ನಿದ್ದೆಯಿಲ್ಲ. ಆ ನಿದ್ದೆಗೆಟ್ಟ ಸ್ಥಿತಿಯಲ್ಲೇ, ಪ್ರಯಾಣಿಕರಿರಬಹುದಾದ ಒಂದು ಹಡಗನ್ನು ಹೊಡೆದು ಉರುಳಿಸಬೇಕೋ ಬೇಡವೋ ಎಂದು ತೀರ್ಮಾನಿಸಬೇಕು. ಅಧ್ಯಕ್ಷೆ ಲಾರಾ ರೋಸ್ಲಿನ್ ಮೊದಲು ಶಿಕ್ಷಣ ಖಾತೆ ನೋಡಿಕೊಂಡಿದ್ದವಳು. ಮೇಲಿನವರೆಲ್ಲ ಸತ್ತದ್ದರಿಂದ ಆ ಕುರ್ಚಿ ಅವಳಿಗೆ ಬಂದಿದೆ. ಬದುಕಿರುವವರ ಸಂಖ್ಯೆಯನ್ನು ಹಲಗೆಯ ಮೇಲೆ ಅಳಿಸಿ ಅಳಿಸಿ ಬರೆಯುತ್ತಾಳೆ. ಆ ಕಂತಿನ ಕೊನೆಗೆ ಒಂದು ಮಗು ಹುಟ್ಟುತ್ತದೆ, ಸಂಖ್ಯೆಗೆ ಒಂದು ಕೂಡುತ್ತದೆ. ನಾನು ದಿನವಿಡೀ ಅಂಕಿ ಬರೆಯುವವಳು. ಒಂದು ಅಂಕಿ ನೋಡಿ ಅಷ್ಟು ಸಂತೋಷಪಟ್ಟದ್ದು ನೆನಪಿಲ್ಲ.

ಪತ್ರ ಬರೆದವರ ಸಿಟ್ಟಿಗೆ ನ್ಯಾಯ ಸಿಗುವುದು 'ಲಾಸ್ಟ್' ವಿಷಯದಲ್ಲಿ, ವಿಮಾನ ಬಿದ್ದು ವಿಚಿತ್ರ ದ್ವೀಪವೊಂದರಲ್ಲಿ ಸಿಕ್ಕಿಕೊಂಡವರ ಅಮೆರಿಕದ ಸರಣಿ ಅದು. 2004ರಿಂದ 2010ರವರೆಗೆ ಆರು ಸೀಸನ್ ಬಂತು. ಒಗಟಿನ ಮೇಲೆ ಒಗಟು ಪೇರಿಸಿ, ಕೊನೆಗೆ ಪಾತ್ರಗಳ ಅಪ್ಪುಗೆಯಲ್ಲಿ ಮುಗಿಸಿದರು. ಉತ್ತರಕ್ಕೆ ಕಾದು ಕೂತವರಿಗೆ ಅದು ಮೋಸವೇ. ಆದರೆ ಅದೇ ಸರಣಿಯ 2008ರ ಒಂದು ಕಂತಿನಲ್ಲಿ ಡೆಸ್ಮಂಡ್‌ನ ಮನಸ್ಸು 1996 ಮತ್ತು 2004ರ ನಡುವೆ ಜಾರಾಡುತ್ತದೆ. ಎರಡೂ ಕಾಲದಲ್ಲಿ ತನ್ನವರಾಗಿರುವ ಒಬ್ಬರನ್ನು ಹಿಡಿದುಕೊಳ್ಳದಿದ್ದರೆ ಅವನು ಸಾಯುತ್ತಾನೆ. 1996ರಲ್ಲಿ, ತಾನೇ ಬಿಟ್ಟುಬಂದ ಹುಡುಗಿಯ ಮನೆಗೆ ಹೋಗಿ ಫೋನ್ ನಂಬರ್ ಬೇಡುತ್ತಾನೆ. ಎಂಟು ವರ್ಷ ಅದನ್ನು ಬದಲಿಸಬೇಡ ಅನ್ನುತ್ತಾನೆ. 2004ರ ಕ್ರಿಸ್‌ಮಸ್ ಹಿಂದಿನ ದಿನ ಅವಳು ಫೋನ್ ಎತ್ತುತ್ತಾಳೆ. ಇದು ಪ್ರೇಮಕತೆಯೋ ವಿಜ್ಞಾನವೋ, ಬೇರೆ ಮಾಡಿ ತೋರಿಸಿ ನೋಡೋಣ.

ನಮ್ಮ ಕಡೆಯ ಜನಕ್ಕೆ ಇದು ಹೊಸದೇನಲ್ಲ. ವೇಷ, ಕುಣಿತ ಇಲ್ಲದೆ ಕೂತು ಮಾತಿನಲ್ಲೇ ನಡೆಸುವ ಯಕ್ಷಗಾನ ತಾಳಮದ್ದಲೆಯಲ್ಲಿ ಕರ್ಣನ ಸರ್ಪಾಸ್ತ್ರ ಹೇಗೆ ಕೆಲಸ ಮಾಡುತ್ತದೆ ಎಂದು ಯಾರೂ ಕೇಳುವುದಿಲ್ಲ. ತೊಟ್ಟ ಬಾಣ ಮತ್ತೆ ತೊಡುವುದಿಲ್ಲ ಎಂದು ಅವನು ಕುಂತಿಗೆ ಮಾತು ಕೊಟ್ಟಿದ್ದಾನೆ. ಗುರಿ ತಪ್ಪಿದ ಬಾಣ ಮರಳಿ ಬಂದು ಇನ್ನೊಮ್ಮೆ ತೊಡು ಎಂದಾಗ ಆ ಮಾತು ಅವನನ್ನು ಕಟ್ಟಿಹಾಕುತ್ತದೆ. ಕರ್ಣನಾಗಿ ಮಾತಾಡುವ ಅರ್ಥಧಾರಿ ಆ ಘಟ್ಟದಲ್ಲೇ ಅರ್ಧ ಗಂಟೆ ಮಾತಾಡಿದರೂ ಜನ ಏಳುವುದಿಲ್ಲ. ಅಸ್ತ್ರಕ್ಕೊಂದು ನಿಯಮ, ಆ ನಿಯಮಕ್ಕೆ ಸಿಕ್ಕಿಬಿದ್ದ ಒಬ್ಬ ಮನುಷ್ಯ. ಕತೆ ಹೇಳುವವನು ಕರ್ಣನ ಮೇಲಿನ ಪ್ರೀತಿಗೆ ನಿಯಮ ಸಡಿಲಿಸಿದರೆ ಪ್ರಸಂಗವೇ ಬಿದ್ದುಹೋಗುತ್ತದೆ, ಅಲ್ವಾ?

ಹಾಗಾಗಿ ಕನ್ನಡ ವಾಹಿನಿಗಳವರಿಗೆ ನನ್ನ ಬೇಡಿಕೆ. ಅಡುಗೆಮನೆಯ ಮಾತು, ಅತ್ತೆ-ಸೊಸೆಯ ಮೌನ ಬರೆಯಲು ನಿಮ್ಮವರಿಗೆ ಚೆನ್ನಾಗಿ ಬರುತ್ತದೆ. ಅದನ್ನು ಬಿಡಬೇಡಿ, ಅದರೊಳಗೆ ಒಂದೇ ಒಂದು ಅಸಾಧ್ಯವನ್ನು ತನ್ನಿ. ನಮ್ಮ ಜಿಲ್ಲೆಯಲ್ಲೇ ಕತೆ ಬಿದ್ದಿದೆ. ಕೈಗಾ ಅಣುವಿದ್ಯುತ್ ಸ್ಥಾವರದ ಒಂದನೇ ಘಟಕ 2018ರ ಕೊನೆಯ ದಿನದವರೆಗೆ 962 ದಿನ ನಿಲ್ಲದೆ ಓಡಿ ವಿಶ್ವದಾಖಲೆ ಮಾಡಿತು. ನಿಲ್ಲಿಸಬಾರದ ಯಂತ್ರದ ಮುಂದೆ ಪಾಳಿಯಲ್ಲಿ ಕೂತವನಿಗೆ ಮನೆಯಿಂದ ಸಾವಿನ ಸುದ್ದಿ ಬಂದರೆ? ಕೈಗಾದ ಪಕ್ಕದಲ್ಲೇ ಹರಿಯುವ ಕಾಳಿ ನದಿಯ ಕದ್ರಾ ಅಣೆಕಟ್ಟಿನಲ್ಲಿ ಮನೆಗಳು ಮುಳುಗಿವೆ. ಮುಳುಗಿದ ಮನೆಯಿಂದ ದಿನಕ್ಕೊಮ್ಮೆ, ಮೂರೇ ನಿಮಿಷ, ಒಂದು ಫೋನ್ ಕರೆ ಬರುತ್ತದೆ ಅಂತಿಟ್ಟುಕೊಳ್ಳಿ. ಪುನರ್ವಸತಿ ಮನೆಯಲ್ಲಿರುವ ಅಜ್ಜಿ ಆ ಮೂರು ನಿಮಿಷದಲ್ಲಿ ಏನು ಕೇಳುತ್ತಾಳೆ? ಮಗ ಏನು ಕೇಳುತ್ತಾನೆ? ಇಬ್ಬರಲ್ಲಿ ಫೋನ್ ಯಾರಿಗೆ?

ಆದರೆ ಇದನ್ನು ಸಾವಿರ ಕಂತಿಗೆ ಎಳೆಯಬೇಡಿ. 'ಡಾರ್ಕ್' 26 ಕಂತಿಗೆ ಮುಗಿಯಿತು. ಎಳೆದರೆ ಟಿಆರ್‌ಪಿ ಇಳಿದ ವಾರ ಮೂರು ನಿಮಿಷ ಮೂವತ್ತಾಗುತ್ತದೆ, ಆಮೇಲೆ ಸತ್ತವರು ಸುಮ್ನೆ ಎದ್ದು ಬರುತ್ತಾರೆ. ಕೊನೆಯ ಕಂತು ಬರೆದು ಕೊಟ್ಟವರಿಗೆ ಮಾತ್ರ ಮೊದಲ ಕಂತಿನ ಚಿತ್ರೀಕರಣಕ್ಕೆ ಒಪ್ಪಿಗೆ ಕೊಡಿ.

ಇಂತಿ,
ನಿಮ್ಮ ಓದುಗಿ, ಶಿರಸಿ