ವಾಪಸ್ ಬರದ ಮೋಟಾರುಗಳು: ಮಗಳಿಗೊಂದು ಪತ್ರ

ಕೋಲಾರ

ಮಗಳೇ,

ಭಾನುವಾರ ರಾತ್ರಿ ನೀನು ತಟ್ಟೆ ಬಿಟ್ಟೆದ್ದು ಬೆಂಗಳೂರು ಬಸ್ಸು ಹತ್ತಿದಾಗಿನಿಂದ ಮನಸ್ಸು ಕೊರೆಯುತ್ತಿದೆ. ನಾನು ಕೂಗಾಡಬಾರದಿತ್ತು. ತಪ್ಪು ನನ್ನದೇ ಕಣಮ್ಮ.

ನೀನು ಕೇಳಿದ್ದಾದರೂ ಏನು? ಮೋಟಾರು ಎಷ್ಟು ದಿನ ಬಾಳುತ್ತೆ ಅಂತ ಲೆಕ್ಕ ಹಾಕೋಕೆ, ನಮ್ಮ ಮೋಟಾರು ರಿಪೇರಿ ಅಂಗಡಿಯ ನೋಟ್‌ಬುಕ್ಕಿನಲ್ಲಿ 'ಸುಮಾರು ಒಂದು ವರ್ಷ ಓಡಿದೆ' ಅಂತ ಇರುವ ಕಡೆಯೆಲ್ಲ 12 ತಿಂಗಳು ಅಂತ ಹಾಕಿಕೊಳ್ಳಲಾ ಅಂದೆ. ಅಷ್ಟಕ್ಕೇ ನನಗೆ ಆ ವೇಮಗಲ್ ಕಡೆಯ ರೈತ ಕಣ್ಣಮುಂದೆ ಬಂದುಬಿಟ್ಟ.

ಆಗ ನೀನು ಎಂಟನೇ ಕ್ಲಾಸು. ಅವನ ಬೋರ್ ಮೋಟಾರಿಗೆ ಹೊಸ ತಂತಿ ಸುತ್ತಿ ರಿವೈಂಡಿಂಗ್ ಮಾಡಿ ಕೊಟ್ಟೆ. "ಎಷ್ಟು ದಿನ ಬರುತ್ತಣ್ಣ?" ಅಂದ. "ಎರಡು ವರ್ಷ ಈ ಕಡೆ ತಿರುಗಿ ನೋಡಬೇಡ" ಅಂದೆ. ಆ ವರ್ಷ ನಾನು ಕಟ್ಟಿದ ಮೋಟಾರುಗಳಲ್ಲಿ ವಾಪಸ್ ಬಂದಿದ್ದು ಎರಡೋ ಮೂರೋ. ಉಳಿದವೆಲ್ಲ ಚೆನ್ನಾಗಿ ಓಡ್ತಿವೆ ಅಂದುಕೊಂಡಿದ್ದೆ. ಅವನದು 40 ದಿನಕ್ಕೆ ಸುಟ್ಟುಹೋಯಿತು. 1100 ಅಡಿಯಿಂದ ಪಂಪು ಎತ್ತಿಸುವಷ್ಟರಲ್ಲಿ ಕಾಯಿ ಕಚ್ಚಿದ್ದ ಟೊಮೆಟೊ ತೋಟ ಬಾಡಿತ್ತು. ಬಂದವನು ಬೈಯಲಿಲ್ಲ. ಮೋಟಾರು ಇಳಿಸಿ ಹೊರಗೆ ಕಲ್ಲಿನ ಮೇಲೆ ಕೂತ. ತುಂಬಾ ಹೊತ್ತು ಕೂತಿದ್ದ. ನಾನು ಟೀ ತಂದುಕೊಟ್ಟೆ, ಕುಡಿಯಲಿಲ್ಲ.

ಆಮೇಲೆ ವಾಪಸ್ ಬರದ ಮೋಟಾರುಗಳನ್ನು ಹುಡುಕಿಕೊಂಡು ಹೋದೆ. ಕೆಲವರ ಬೋರ್ ಬತ್ತಿ ಮೋಟಾರು ಶೆಡ್ಡಿನಲ್ಲಿ ಬಿದ್ದಿತ್ತು. ಕೆಲವರದು ಸುಟ್ಟಿತ್ತು, ಬೇರೆ ಅಂಗಡಿಗೆ ಕೊಟ್ಟಿದ್ದರು. ಕೆಲವು ನಿಜವಾಗಿಯೂ ಓಡುತ್ತಿದ್ದವು. ನಾನು ಮೂರನ್ನೂ ಒಂದೇ ಲೆಕ್ಕಕ್ಕೆ ಸೇರಿಸಿಬಿಟ್ಟಿದ್ದೆ.

ಕಾಲೇಜಿನಲ್ಲಿದ್ದಾಗ ನೀನೇ ಹೇಳಿದ್ದೆ ಅಲ್ವಾ, 1986ರ ಜನವರಿ 28ರಂದು ಸಿಡಿದ ಅಮೆರಿಕದ ಬಾಹ್ಯಾಕಾಶ ನೌಕೆ ಚಾಲೆಂಜರ್ ವಿಷಯ? ಉಡಾವಣೆಯ ಹಿಂದಿನ ರಾತ್ರಿ ಚಳಿಗೂ ರಾಕೆಟ್ಟಿನ ಜೋಡಣೆಗಳನ್ನು ಬಿಗಿಯಾಗಿ ಮುಚ್ಚುವ ರಬ್ಬರ್ ರಿಂಗ್‌ಗೂ ಏನು ಸಂಬಂಧ ಅಂತ ಚರ್ಚೆ ನಡೆದಾಗ ರಿಂಗ್ ಕೆಟ್ಟಿದ್ದ ಹಾರಾಟಗಳನ್ನಷ್ಟೇ ನೋಡಿದರಂತೆ. ಏನೂ ಆಗದೆ ಬಂದವನ್ನು ಬಿಟ್ಟರಂತೆ. ಅವನ್ನೂ ಸೇರಿಸಿದ್ದರೆ ಚಳಿಯ ಪಾತ್ರ ಎದ್ದು ಕಾಣುತ್ತಿತ್ತು. ಏಳು ಜನ ಹೋದರು. ನೀನು ಇದನ್ನು ಹೇಳಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಅದಕ್ಕೇ ಹೇಳ್ತೀನಿ, 12 ಅಂತ ಹಾಕಬೇಡ. 9ರಿಂದ 15 ಅಂತ ಹಾಕು. ಎರಡೂ ತುದಿ ಇಟ್ಟು ಲೆಕ್ಕ ಮಾಡು, ಉತ್ತರವೂ ಎರಡು ತುದಿಯಲ್ಲೇ ಬರಲಿ. ಬೋರ್ ಬತ್ತಿದ್ದಕ್ಕೆ 'ಇಷ್ಟು ತಿಂಗಳಾದರೂ ಓಡಿದೆ, ಮುಂದಿನದು ಗೊತ್ತಿಲ್ಲ' ಅಂತ ಬರಿ. ಕೆಟ್ಟಿದ್ದಕ್ಕೆ ಸೇರಿಸಬೇಡ, ತೆಗೆದೂ ಹಾಕಬೇಡ. ನಿಮ್ಮ ಆಫೀಸಿನಲ್ಲಿ 30 ಮೋಟಾರು ಟೆಸ್ಟ್ ಮಾಡಿದ್ರಿ, ಒಂದೂ ಕೆಡಲಿಲ್ಲ ಅಂದೆ. ಸಂತೋಷ. ಆದರೆ ಒಂದೂ ಕೆಡದಿದ್ದಾಗ 3ನ್ನು ಟೆಸ್ಟ್ ಮಾಡಿದ ಸಂಖ್ಯೆಯಿಂದ ಭಾಗಿಸಬೇಕು ಅನ್ನೋ ಲೆಕ್ಕದಂತೆ 3ನ್ನು 30ರಿಂದ ಭಾಗಿಸು. ನೂರಕ್ಕೆ ಹತ್ತರವರೆಗೂ ಕೆಡಬಹುದು ಅನ್ನೋದನ್ನ 95 ಪರ್ಸೆಂಟ್ ಭರವಸೆಯ ಲೆಕ್ಕದಲ್ಲೂ ತಳ್ಳಿಹಾಕೋಕೆ ಆಗಲ್ಲ. ಈ ಲೆಕ್ಕ ಕಲಿಸಿದವಳೇ ನೀನು. ವಾರಂಟಿ ರಿಪೋರ್ಟಿಗೆ ಸಹಿ ಹಾಕುವವಳೂ ನೀನೇ. ನೀವು ಟೆಸ್ಟ್ ಮಾಡುವ ಕಡೆ ಓಲ್ಟೇಜು ಸರಿಯಾಗಿದೆ. ನಮ್ಮ ಕಡೆ ಸಂಜೆ ಕರೆಂಟು ನೋಡಿದ್ದೀಯಲ್ಲ.

ಮತ್ತೆ ಪಾಠ ಶುರುಮಾಡಿದೆ ನೋಡು. ಏನು ಮಾಡಲಿ, ನನ್ನ ಮಗಳ ಸಹಿಗೆ ಒಂದು ಬೆಲೆ ಬಂದಿದೆ. ಅಂಗಡಿಗೆ ಬಂದವರಿಗೆಲ್ಲ ಹೇಳ್ತೀನಿ. ಭಯವೂ ಆಗುತ್ತೆ.

ನೋಟ್‌ಬುಕ್ಕು ಬಸ್ಸಿನಲ್ಲಿ ಕಳಿಸಿದ್ದೇನೆ. ಅಮ್ಮ ಹುರಿದ ಅವರೆಕಾಳು ಜೊತೆಗಿಟ್ಟಿದ್ದಾಳೆ. ಊಟ ಬಿಡಬೇಡ. ವೇಮಗಲ್‌ನವನ ಪುಟದ ಮೂಲೆ ಮಡಚಿದ್ದೇನೆ. ಅಲ್ಲಿ 40 ದಿನ ಅಂತ ಸರಿಯಾಗಿ ಬರೆದಿದ್ದೇನೆ, ಸುಮಾರು ಅಂತ ಇಲ್ಲ.

ನಿನ್ನ ಅಪ್ಪ