‘ಕೇಳಿದರೆ ಕೊಡುತ್ತೇವೆ’ ಅಂತ ಮಾತ್ರ ಬರೆಯಬೇಡ

ಪ್ರೀತಿಯ ಪುಟ್ಟಿ,

ಪೇಪರ್ ಒಪ್ಪಿಗೆಯಾಗಿದೆ ಎಂದು ಓದಿ ತುಂಬಾ ಖುಷಿಯಾಯಿತು. ಇನ್ನು ನೀನು ಕೇಳಿದ ವಿಷಯ. ಡೇಟಾ ಎಲ್ಲಿ ಸಿಗುತ್ತದೆ ಎಂದು ಜರ್ನಲ್‌ನವರು ಒಂದು ಸಾಲು ಕೇಳಿದ್ದಾರೆ, ‘ಕೇಳಿದವರಿಗೆ ಲೇಖಕರು ಕೊಡುತ್ತಾರೆ’ ಎಂದು ಬರೆದು ಕೈತೊಳೆದುಕೊಳ್ಳಲಾ ಅಂತ ಅಲ್ವಾ? ಬೇಡ. ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿ ರೆಪಾಸಿಟರಿ, ಅಂದರೆ ಪೇಪರ್, ಡೇಟಾಗಳನ್ನು ಕಾಪಿಡುವ ಆನ್‌ಲೈನ್ ಭಂಡಾರ, ನೋಡಿಕೊಂಡೇ ನಿವೃತ್ತಿಯಾದವಳು ನಾನು. ಈ ವಿಷಯ ಬಂದರೆ ಮಾತು ಸ್ವಲ್ಪ ಉದ್ದವಾಗುತ್ತದೆ, ಸಹಿಸಿಕೋ.

ಆ ಸಾಲು ಬರೆಯುವವರು ಸುಳ್ಳು ಹೇಳಬೇಕೆಂದು ಬರೆಯುವುದಿಲ್ಲ. ಕೊಡುವ ಮನಸ್ಸು ಇರುತ್ತದೆ, ಕೊಡಲು ಆಗುವುದಿಲ್ಲ ಅಷ್ಟೇ. ಇದನ್ನೇ ಅಳೆದು ನೋಡಿದವರಿದ್ದಾರೆ. 2014ರ ‘ಕರೆಂಟ್ ಬಯಾಲಜಿ’ ಪತ್ರಿಕೆಯಲ್ಲಿ ಆ ಅಧ್ಯಯನ ಬಂತು. 2ರಿಂದ 22 ವರ್ಷ ಹಳೆಯದಾದ 516 ಪೇಪರ್‌ಗಳನ್ನು ಆರಿಸಿಕೊಂಡು ಅವುಗಳ ಡೇಟಾ ಹುಡುಕಿದರು. ಪೇಪರಿಗೆ ಒಂದೊಂದು ವರ್ಷ ವಯಸ್ಸಾದ ಹಾಗೆ ಡೇಟಾ ಉಳಿದಿರುವ ಸಾಧ್ಯತೆ ಶೇ 17ರಷ್ಟು ಇಳಿಯುತ್ತಾ ಹೋಗಿತ್ತು. ಲೇಖಕರ ಇಮೇಲ್ ವಿಳಾಸ ಕೆಲಸ ಮಾಡುವ ಸಾಧ್ಯತೆಯೂ ವರ್ಷಕ್ಕೆ ಶೇ 7ರಷ್ಟು ಕಡಿಮೆಯಾಗಿತ್ತು. ಎಲ್ಲವೂ ಬಚ್ಚಿಟ್ಟಿದ್ದಲ್ಲ, ಎಷ್ಟೋ ಕಡೆ ಕಳೆದುಹೋಗಿದ್ದು. ನಿನ್ನದೂ ಅದೇ ಕಥೆಯಾಗುತ್ತದೆ. ಪಿಎಚ್‌ಡಿ ಮುಗಿದರೆ ಆ ಇಮೇಲ್ ಮುಚ್ಚುತ್ತಾರೆ, ಲ್ಯಾಪ್‌ಟಾಪ್ ಬದಲಾಗುತ್ತದೆ. ಪೇಪರ್ ಮಾತ್ರ ‘ಕೇಳಿದರೆ ಕೊಡುತ್ತೇವೆ’ ಎನ್ನುತ್ತಾ ಅಲ್ಲೇ ಕೂತಿರುತ್ತದೆ.

ಕೇಳಿದಾಗ ಕೊಟ್ಟವರ ಕಥೆಯೂ ಇದೆ. ಕಾರ್ಮೆನ್ ರೈನ್‌ಹಾರ್ಟ್ ಮತ್ತು ಕೆನೆತ್ ರೋಗಾಫ್ ಎಂಬ ಇಬ್ಬರು ದೊಡ್ಡ ಅರ್ಥಶಾಸ್ತ್ರಜ್ಞರು 2010ರಲ್ಲಿ ಒಂದು ಪೇಪರ್ ಬರೆದರು. ದೇಶದ ಸಾಲ ಜಿಡಿಪಿಯ ಶೇ 90 ದಾಟಿದರೆ ಬೆಳವಣಿಗೆ ಕುಸಿಯುತ್ತದೆ, ಸರಾಸರಿ ಶೇ ಮೈನಸ್ 0.1ಕ್ಕೆ ಇಳಿಯುತ್ತದೆ ಎಂದರು. ಸರ್ಕಾರದ ಖರ್ಚು ಕತ್ತರಿಸಬೇಕು ಎನ್ನುವವರೆಲ್ಲ ಇದನ್ನು ಹಿಡಿದುಕೊಂಡರು. ಥಾಮಸ್ ಹರ್ನ್‌ಡನ್ ಎಂಬ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದ ವಿದ್ಯಾರ್ಥಿ ಕ್ಲಾಸಿನ ಕೆಲಸಕ್ಕೆಂದು ಅದೇ ಲೆಕ್ಕ ಮಾಡಲು ಹೋದ. ಎಷ್ಟು ಮಾಡಿದರೂ ತಾಳೆಯಾಗಲಿಲ್ಲ. ಲೇಖಕರಿಗೇ ಬರೆದ, ಅವರು ತಮ್ಮ ಎಕ್ಸೆಲ್ ಶೀಟ್ ಕಳಿಸಿದರು. ನೋಡಿದರೆ ಸರಾಸರಿಯ ಸೂತ್ರ 49ನೇ ಸಾಲಿನವರೆಗೆ ಹೋಗುವುದು ಬಿಟ್ಟು 44ಕ್ಕೇ ನಿಂತಿದೆ! ಐದು ದೇಶಗಳು ಲೆಕ್ಕಕ್ಕೇ ಬಂದಿಲ್ಲ. ಇದೊಂದೇ ಅಲ್ಲ, ಕೆಲವು ವರ್ಷಗಳ ಅಂಕಿ ಬಿಟ್ಟಿದ್ದು, ದೇಶಗಳಿಗೆ ತೂಕ ಕೊಟ್ಟ ರೀತಿ, ಎಲ್ಲವನ್ನೂ ಸರಿಪಡಿಸಿ ಅವನೂ ಅವನ ಮೇಷ್ಟ್ರುಗಳೂ 2013ರಲ್ಲಿ ಲೆಕ್ಕ ಹಾಕಿದಾಗ ಬಂದದ್ದು ಶೇ 2.2. ಶೀಟ್ ಕೊಟ್ಟಿದ್ದು ಆ ಇಬ್ಬರ ದೊಡ್ಡತನ, ಅದನ್ನು ಒಪ್ಪಬೇಕು. ಆದರೆ ಅಷ್ಟರಲ್ಲಿ ಮೂರು ವರ್ಷ ಕಳೆದಿತ್ತು. ಶೀಟ್ ಮೊದಲ ದಿನದಿಂದಲೇ ಪೇಪರಿನ ಪಕ್ಕದಲ್ಲಿ ಇದ್ದಿದ್ದರೆ ಯಾರೋ ಒಬ್ಬರು ಬೇಗ ನೋಡುತ್ತಿದ್ದರು.

‘ನನ್ನದರಲ್ಲೂ ಹಾಗೇ ತಪ್ಪು ಸಿಕ್ಕಿಬಿಟ್ಟರೆ?’ ಅಂತ ನಿನಗೆ ಅನ್ನಿಸುತ್ತದೆ, ಗೊತ್ತು. ಸಿಗಲಿ ಬಿಡು. ಈಗ ಸಿಕ್ಕರೆ ತಿದ್ದಿ ಹಾಕಬಹುದು. ಹತ್ತು ವರ್ಷ ಅದರ ಮೇಲೆ ಇನ್ನಷ್ಟು ಪೇಪರ್ ಕಟ್ಟಿದ ಮೇಲೆ ಸಿಕ್ಕರೆ ಕಷ್ಟ.

ಸರಿ, ಎಲ್ಲಿ ಇಡುವುದು? ಗೂಗಲ್ ಡ್ರೈವ್ ಲಿಂಕ್ ಖಂಡಿತ ಬೇಡ. ಅದು ನಿನ್ನ ಖಾತೆ ಇರುವಷ್ಟು ದಿನ ಮಾತ್ರ. ಸಂಶೋಧಕರ ಸೋಷಿಯಲ್ ಮೀಡಿಯಾ ತಾಣಗಳೂ ರೆಪಾಸಿಟರಿಗಳಲ್ಲ. ಅವು ಕಂಪನಿಗಳು, ನಾಳೆ ನಿಯಮ ಬದಲಿಸಿದರೆ ಕೇಳುವವರಿಲ್ಲ. ನಿನ್ನ ವಿಷಯಕ್ಕೇ ಅಂತ ಒಂದು ರೆಪಾಸಿಟರಿ ಇದ್ದರೆ ಅಲ್ಲಿಡು. ಪ್ರೋಟೀನ್ ರಚನೆಗಳಿಗೆ 1971ರಿಂದಲೂ ಪ್ರೋಟೀನ್ ಡೇಟಾ ಬ್ಯಾಂಕ್ ಇರುವ ಹಾಗೆ. ಇಲ್ಲದಿದ್ದರೆ ನಿನ್ನ ವಿಶ್ವವಿದ್ಯಾಲಯದ್ದೇ ಇದೆ. ಹಿತ್ತಲ ಗಿಡ ಮದ್ದಲ್ಲ ಅಂತ ಎಲ್ಲರೂ ಅದನ್ನು ನೋಡಿ ಮೂಗು ಮುರಿಯುತ್ತಾರೆ. ಆದರೆ ಇವು ಒಎಐ-ಪಿಎಂಎಚ್ ಎಂಬ ಒಂದೇ ಪದ್ಧತಿಯಲ್ಲಿ ವಿವರ ಹಂಚುತ್ತವೆ, ಹಾಗಾಗಿ ಚಿಕ್ಕ ರೆಪಾಸಿಟರಿಯಲ್ಲಿ ಇಟ್ಟಿದ್ದೂ ದೊಡ್ಡ ಹುಡುಕಾಟದ ತಾಣಗಳಲ್ಲಿ ಕಾಣುತ್ತದೆ. ಅದೂ ಆಗಲಿಲ್ಲವಾ, ಝೆನೋಡೋ ಇದೆ. 2013ರಿಂದ ಯುರೋಪಿನ ಭೌತಶಾಸ್ತ್ರ ಸಂಶೋಧನಾ ಸಂಸ್ಥೆ ಸರ್ನ್‌ನವರು ನಡೆಸುತ್ತಿದ್ದಾರೆ, ಯಾವ ವಿಷಯದ ಡೇಟಾ ಆದರೂ ಉಚಿತವಾಗಿ ಇಡಬಹುದು.

ಎಲ್ಲಿ ಇಟ್ಟರೂ ಡಿಒಐ ಕೊಡುತ್ತಾರಾ ನೋಡಿಕೋ. ಅದು ಫೈಲಿನ ಜಾಗದ ವಿಳಾಸ ಅಲ್ಲ, ಫೈಲಿಗೇ ಕೊಟ್ಟ ಗುರುತು. ಸರ್ವರ್ ಬದಲಾದರೆ ರೆಪಾಸಿಟರಿಯವರು ಹೊಸ ಜಾಗವನ್ನು ದಾಖಲೆಯಲ್ಲಿ ತಿದ್ದುತ್ತಾರೆ, ನಿನ್ನ ಪೇಪರಿನಲ್ಲಿ ಅಚ್ಚಾದ ಡಿಒಐ ಹಾಗೇ ನಡೆಯುತ್ತದೆ. ತಪ್ಪು ತಿದ್ದಿ ಮತ್ತೆ ಹಾಕಿದರೆ ಝೆನೋಡೋದಲ್ಲಿ ಆ ಆವೃತ್ತಿಗೆ ಬೇರೆ ಡಿಒಐ ಬರುತ್ತದೆ, ಹಳೆಯದೂ ಉಳಿಯುತ್ತದೆ. ಯಾರು ಯಾವುದನ್ನು ಬಳಸಿದರು ಎಂಬ ಗೊಂದಲ ಇರುವುದಿಲ್ಲ.

ಈಗ ನಿಜವಾದ ಕೆಲಸಕ್ಕೆ ಬರುತ್ತೇನೆ. ಅಪ್‌ಲೋಡ್ ಮಾಡಲು ಹತ್ತು ನಿಮಿಷ ಸಾಕು. ನೀನು ಕಳಿಸಿದ ಬಾವಿ ನೀರಿನ ಶೀಟನ್ನು ತೆರೆದು ನೋಡಿದೆ. ಆ ಶೀಟ್ ಇದ್ದ ಹಾಗೇ ಹಾಕಿದರೆ ಯಾರಿಗೂ ತಲೆಬುಡ ಗೊತ್ತಾಗುವುದಿಲ್ಲ. ‘ನೈಟ್ರೇಟ್’ ಕಾಲಮ್ಮಿನಲ್ಲಿ ಒಂದು ಬಾವಿಗೆ 11 ಎಂದಿದೆ. ಇಡೀ ನೈಟ್ರೇಟಿನ ಲೆಕ್ಕವಾ, ಅದರೊಳಗಿನ ನೈಟ್ರೋಜನ್ ಮಾತ್ರದ್ದಾ? ಕುಡಿಯುವ ನೀರಿಗೆ ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಮಿತಿ ನೈಟ್ರೇಟಿನ ಲೆಕ್ಕದಲ್ಲಿ ಲೀಟರಿಗೆ 50 ಮಿಲಿಗ್ರಾಂ, ನೈಟ್ರೋಜನ್ ಲೆಕ್ಕದಲ್ಲಿ ಸುಮಾರು 11. ಅಂದರೆ ಒಂದು ಲೆಕ್ಕದಲ್ಲಿ ಆ ಬಾವಿ ಮಿತಿಯ ಅಂಚಿಗೆ ಬಂದಿದೆ, ಇನ್ನೊಂದರಲ್ಲಿ ಏನೂ ಭಯವಿಲ್ಲ. ಇದು ನಿನಗೆ ಗೊತ್ತು, ನಿನ್ನ ಗೈಡ್‌ಗೆ ಗೊತ್ತು. ಶೀಟಿಗೆ ಗೊತ್ತಿಲ್ಲ!

ಫ್ಲೋರೈಡ್ ಕಾಲಮ್ಮಿನಲ್ಲಿ ಕೆಲವು ಕಡೆ ಸೊನ್ನೆ, ಕೆಲವು ಕಡೆ ಖಾಲಿ, ಎರಡು ಕಡೆ ಮೈನಸ್ 99. ಫ್ಲೋರೈಡೇ ಇರಲಿಲ್ಲವಾ, ಇದ್ದರೂ ಯಂತ್ರ ಹಿಡಿಯದಷ್ಟು ಕಡಿಮೆಯಿತ್ತಾ, ಅಥವಾ ಆ ದಿನ ಪರೀಕ್ಷೆಯನ್ನೇ ಮಾಡಲಿಲ್ಲವಾ? ಮೂರೂ ಬೇರೆ ಬೇರೆ ಸಂಗತಿ. ಯಾರಾದರೂ ಆ ಮೈನಸ್ 99ನ್ನೂ ಸೇರಿಸಿ ಸರಾಸರಿ ತೆಗೆದರೆ ದೇವರೇ ಗತಿ. ದಿನಾಂಕ 03/04 ಎಂದಿದೆ, ಮಾರ್ಚಾ ಏಪ್ರಿಲ್ಲಾ? ವರ್ಷ, ತಿಂಗಳು, ದಿನ ಈ ಕ್ರಮದಲ್ಲಿ ಬರೆದರೆ ಜಗಳವೇ ಇಲ್ಲ. ಎಕ್ಸೆಲ್ ಬಿಟ್ಟು ಸಿಎಸ್‌ವಿಯಲ್ಲಿ, ಅಂದರೆ ಅಲ್ಪವಿರಾಮಗಳಿಂದ ಕಾಲಮ್ ಬೇರ್ಪಡಿಸಿದ ಸಾದಾ ಪಠ್ಯದ ಫೈಲಿನಲ್ಲಿ, ಉಳಿಸು. ಎಕ್ಸೆಲ್ ತಾನೇ ಜಾಣತನ ಮಾಡಿ ‘ಮಾರ್ಚ್1’, ‘ಸೆಪ್ಟ್2’ ಎಂಬ ಜೀನ್‌ಗಳ ಹೆಸರನ್ನು ದಿನಾಂಕ ಮಾಡಿಬಿಡುತ್ತಿತ್ತು. ಕೊನೆಗೆ 2020ರ ಹೊತ್ತಿಗೆ ವಿಜ್ಞಾನಿಗಳೇ ಸೋತು ಆ ಜೀನ್‌ಗಳ ಹೆಸರು ಬದಲಿಸಿದರು. ನಗಬೇಕೋ ಅಳಬೇಕೋ ಹೇಳು.

ಇದನ್ನೆಲ್ಲ ಒಂದು ರೀಡ್‌ಮಿ ಫೈಲಿನಲ್ಲಿ ಬರೆ. ಪ್ರತಿ ಕಾಲಮ್ಮಿನ ಅರ್ಥ, ಅಳತೆಯ ಮಾನ, ಯಾವ ಉಪಕರಣ, ಅದು ಎಷ್ಟು ಕಡಿಮೆಯವರೆಗೆ ಹಿಡಿಯುತ್ತದೆ, ಖಾಲಿ ಬಿಟ್ಟಿದ್ದು ಯಾಕೆ. ಈ ವಾರವೇ ಬರೆ. ಈಗ ನಿನಗೆ ಎಲ್ಲ ನೆನಪಿದೆ, ಇನ್ನೊಂದು ವರ್ಷಕ್ಕೆ ನೀನೇ ಆ ಮೈನಸ್ 99 ನೋಡಿ ತಲೆ ಕೆರೆದುಕೊಳ್ಳುತ್ತೀಯ.

ಎಚ್ಚರ ಬೇಕಾದ ಜಾಗ ಒಂದಿದೆ. ನಿನ್ನ ಶೀಟಿನಲ್ಲಿ ಬಾವಿಯ ಜಿಪಿಎಸ್ ಇದೆ, ಪಕ್ಕದಲ್ಲೇ ಆ ಮನೆಯವರ ಕಾಯಿಲೆಯ ವಿವರ ಇದೆ. ಹೆಸರು ಅಳಿಸಿದೆ, ಸಾಕು ಎಂದುಕೊಂಡಿದ್ದೀಯ. ಸಾಲದು. ಹುಟ್ಟಿದ ದಿನಾಂಕ, ಲಿಂಗ, ಪಿನ್‌ಕೋಡ್ ಈ ಮೂರು ಸಿಕ್ಕರೆ ಅಮೆರಿಕದ ಶೇ 87ರಷ್ಟು ಜನರನ್ನು ಬೇರೆಯಾಗಿ ಗುರುತಿಸಬಹುದು ಎಂದು ಡೇಟಾ ಗೋಪ್ಯತೆಯ ಸಂಶೋಧಕಿ ಲಟಾನ್ಯಾ ಸ್ವೀನಿ 2000ರಲ್ಲೇ ಲೆಕ್ಕ ಹಾಕಿ ತೋರಿಸಿದ್ದರು. ನಿನ್ನಲ್ಲಿ ಮನೆ ಬಾಗಿಲಿನ ಗುರುತೇ ಇದೆ! ನೀರಿನ ಅಳತೆಯನ್ನು ಮುಕ್ತವಾಗಿ ಇಡು, ಜಾಗವನ್ನು ಸ್ವಲ್ಪ ಒರಟಾಗಿ ಕೊಡು. ಕಾಯಿಲೆಯ ಭಾಗ ಬೇರೆ ಫೈಲಾಗಲಿ, ಅನುಮತಿ ಕೇಳಿಯೇ ನೋಡುವ ಹಾಗಿರಲಿ. ಅದಕ್ಕೂ ಮೊದಲು ಆ ಮನೆಯವರು ಸಹಿ ಹಾಕಿದ ಒಪ್ಪಿಗೆ ಪತ್ರದಲ್ಲಿ ಏನಿದೆ ಎಂದು ತೆಗೆದು ಓದು. ಹಂಚುತ್ತೇವೆ ಎಂದು ಅವರಿಗೆ ಹೇಳಿಲ್ಲದಿದ್ದರೆ ಅದು ಹಂಚುವ ವಸ್ತುವೇ ಅಲ್ಲ.

ಲೈಸೆನ್ಸ್ ವಿಷಯಕ್ಕೆ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡ. ಕ್ರಿಯೇಟಿವ್ ಕಾಮನ್ಸ್‌ನ ಸಿಸಿ ಬೈ ಹಾಕಿದರೆ ಯಾರು ಬಳಸಿದರೂ ನಿನ್ನ ಹೆಸರು ಹೇಳಬೇಕು. ‘ವ್ಯಾಪಾರಕ್ಕೆ ಬಳಸಬಾರದು’ ಎಂಬ ಷರತ್ತು ನೋಡಲು ಚೆನ್ನ, ಆದರೆ ಯಾವುದು ವ್ಯಾಪಾರ ಎಂದು ಯಾರಿಗೂ ಖಚಿತವಿಲ್ಲ, ಒಳ್ಳೆಯವರೂ ಹೆದರಿ ಮುಟ್ಟುವುದಿಲ್ಲ. ಬೇರೆಯವರು ನಿನ್ನ ಡೇಟಾದಲ್ಲಿ ನಿನಗಿಂತ ಮೊದಲು ಪೇಪರ್ ಮಾಡಿಬಿಡುತ್ತಾರೆ ಎಂಬ ಹೆದರಿಕೆಗೂ ಉಪಾಯ ಇದೆ. ಈ ಪೇಪರಿಗೆ ಬೇಕಾದಷ್ಟನ್ನು ಈಗ ಬಿಡು, ಉಳಿದದ್ದನ್ನು ಅಲ್ಲೇ ಇಟ್ಟು ಒಂದು ವರ್ಷದ ತಡೆ ಹಾಕು. ಇಟ್ಟ ದಿನಾಂಕ ದಾಖಲಾಗಿರುತ್ತದೆ, ಅದೇ ಸಾಕ್ಷಿ.

ಪೇಪರನ್ನೂ ಹಾಗೇ ಬಿಡಬೇಡ. ಪ್ರಕಾಶಕರ ಪಿಡಿಎಫ್ ಅಲ್ಲ, ವಿಮರ್ಶೆಯೆಲ್ಲ ಮುಗಿದು ಒಪ್ಪಿಗೆಯಾದ ನಿನ್ನದೇ ವರ್ಡ್ ಫೈಲ್ ಇದೆಯಲ್ಲ, ಅದನ್ನು ರೆಪಾಸಿಟರಿಯಲ್ಲಿ ಇಡಲು ಬಹಳಷ್ಟು ಜರ್ನಲ್‌ಗಳು ಬಿಡುತ್ತವೆ. ಕೆಲವು ಆರು ತಿಂಗಳೋ ವರ್ಷವೋ ಕಾಯಿಸುತ್ತವೆ. ಕಾಪಿರೈಟ್ ಫಾರಂಗೆ ಸಹಿ ಹಾಕುವ ಮುಂಚೆ ಆ ಸಾಲು ಹುಡುಕಿ ಓದು. ಭೌತಶಾಸ್ತ್ರದವರು 1991ರಲ್ಲಿ ಆರ್‌ಕೈವ್ ಎಂಬ ಆನ್‌ಲೈನ್ ಭಂಡಾರ ಶುರುವಾದಾಗಿನಿಂದ ಅಚ್ಚಿಗೆ ಮುಂಚೆಯೇ ಪೇಪರ್ ಹಂಚುತ್ತಿದ್ದಾರೆ, ಅವರ ಜರ್ನಲ್‌ಗಳೇನೂ ಮುಚ್ಚಿಹೋಗಿಲ್ಲ.

ರೀಡ್‌ಮಿ ಬರೆದ ಮೇಲೆ ಅದನ್ನೂ ಸಿಎಸ್‌ವಿಯನ್ನೂ ನಿನ್ನ ಲ್ಯಾಬಿನಲ್ಲಿ ಈ ಕೆಲಸಕ್ಕೆ ಸಂಬಂಧವೇ ಇಲ್ಲದ ಯಾರಿಗಾದರೂ ಕೊಡು. ನಿನ್ನನ್ನು ಏನೂ ಕೇಳದೆ ಪೇಪರಿನ ಎರಡನೇ ಟೇಬಲ್ಲಿನ ಒಂದು ಸರಾಸರಿಯನ್ನು ತೆಗೆಯಲಿ. ನಡುವೆ ಎದ್ದು ಬಂದು ಏನಾದರೂ ಕೇಳಿದರೆ, ಆ ಪ್ರಶ್ನೆಯ ಉತ್ತರ ರೀಡ್‌ಮಿಗೆ ಸೇರಲಿ. ಝೆನೋಡೋದಲ್ಲಿ ಫೈಲ್ ಪ್ರಕಟಿಸುವ ಮೊದಲೇ ಡಿಒಐ ಕಾದಿರಿಸಿಕೊಳ್ಳಬಹುದು. ಅದನ್ನು ಡೇಟಾ ಎಲ್ಲಿ ಸಿಗುತ್ತದೆ ಎಂಬ ಆ ಸಾಲಿನಲ್ಲಿ ಹಾಕಿ ಜರ್ನಲ್‌ಗೆ ಕಳಿಸು. ಪ್ರೂಫ್ ಬರಲು ಇನ್ನೂ ಎರಡು ವಾರ ಇದೆ ಎಂದೆಯಲ್ಲ, ಅಷ್ಟು ಸಾಕು. ಎಲ್ಲಾದರೂ ಸಿಕ್ಕಿಹಾಕಿಕೊಂಡರೆ ಸಂಜೆ ಫೋನ್ ಮಾಡು, ಇಬ್ಬರೂ ಶೀಟ್ ತೆರೆದಿಟ್ಟುಕೊಂಡೇ ಮಾತಾಡೋಣ.

ಆಶೀರ್ವಾದಗಳೊಂದಿಗೆ,
ನಿನ್ನ ಅತ್ತೆ